ಮೂರನೇ ಪ್ರೆಸ್ಸಿನ ಗಾರ್ಡು

ಕುಂಬಾರಕೊಪ್ಪಲು, ಮೈಸೂರು
13-2-2005, ಭಾನುವಾರ

ಮಗಳು ನಯನಾಳಿಗೆ ನಿನ್ನ ಅಪ್ಪ ಮರಿಯಯ್ಯ ಹರಸಿ ಬರೆಯುವ ಕಾಗದ.

ನಾನೂ ನಿನ್ನ ಅವ್ವನೂ ಚೆನ್ನಾಗಿದ್ದೇವೆ. ಅವಳಿಗೆ ಮಂಡಿನೋವು ಇದೆ. ಆದರೆ ಅದು ಮೆಟ್ಟಿಲು ಹತ್ತುವಾಗ ಮಾತ್ರ. ನನ್ನ ಜೊತೆ ಜಗಳಕ್ಕೆ ನಿಂತಾಗ ಎಲ್ಲಿ ಹೋಗಿರುತ್ತದೋ ಕಾಣೆ. ಹಾಸನದ ಕಡೆ ಈ ಸಲ ಚಳಿ ಹೆಚ್ಚು ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಅಳಿಯಂದಿರ ಕೈಗೆ ಚಳಿಯಲ್ಲಿ ಸೆಳೆತ ಬರುತ್ತದೆಯೇ? ಬಂದರೆ ಹರಳೆಣ್ಣೆ ಬೆಚ್ಚಗೆ ಮಾಡಿ ಹಚ್ಚು.

ಇಷ್ಟು ದಿನ ನೆಟ್ಟಗೆ ಒಂದು ಕಾಗದ ಬರೆಯಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಯುಗಾದಿಗೊಂದು ಕಾರ್ಡು ಹಾಕಿ ಸುಮ್ಮನಾಗುತ್ತಿದ್ದೆ. ನೀನು ಉತ್ತರ ಬರೆಯುವುದಿಲ್ಲವಲ್ಲ ಎಂದು ನಾನೂ ಬಿಗಿದುಕೊಂಡೆ. ಅಳಿಯ ಸಿದ್ದು ಮಾತ್ರ ಪ್ರತಿ ದೀಪಾವಳಿಗೆ ಎಡಗೈಯಲ್ಲಿ ಬರೆದು ಕಳಿಸುತ್ತಾರೆ. ಮೊದಲ ವರ್ಷದ ಕಾರ್ಡನ್ನು ಓದಲು ನನಗೆ ಅರ್ಧ ದಿನ ಹಿಡಿಯಿತು. ಈಗ ಅವರ ಎಡಗೈ ಅಕ್ಷರ ನನ್ನ ಬಲಗೈ ಅಕ್ಷರಕ್ಕಿಂತ ಚೆನ್ನಾಗಿದೆ. ತಮ್ಮ ಟೆಲಿಫೋನ್ ಬೂತಿನಲ್ಲಿ ಗಿರಾಕಿ ಇಲ್ಲದಾಗ ಕುಳಿತು ಅಭ್ಯಾಸ ಮಾಡುತ್ತಾರೆಂದು ಕಾಣುತ್ತದೆ.

ಈಗ ಬರೆಯುವುದಕ್ಕೆ ಕಾರಣವಿದೆ. ಹೋದ ವಾರ ನಮ್ಮ ಮನೆಗೆ ವಿಶ್ವನಾಥ್ ಬಂದಿದ್ದ.

ಹೌದು, ಅವನೇ. ನಮ್ಮ ಹೆಬ್ಬಾಳು ಕಾರ್ಖಾನೆಯ ಪ್ರೊಡಕ್ಷನ್ ಮ್ಯಾನೇಜರು. ಬಾಗಿಲಲ್ಲಿ ನಿಂತು, "ಮರಿಯಯ್ಯನವರೇ, ಇದ್ದೀರಾ?" ಎಂದು ಕೂಗಿದ. ಹದಿಮೂರು ವರ್ಷ "ಏ ಮರಿಯಾ" ಅಂದ ಬಾಯಿ ಅದು. ಆ ಕಡೆ ಈ ಕಡೆ ನೋಡಿದೆ, ಬೇರೆ ಯಾರನ್ನೋ ಕರೆಯುತ್ತಿದ್ದಾನೇನೋ ಎಂದು. ಕೈಯಲ್ಲಿ ಸೇಬಿನ ಚೀಲ, ಮೇಲೊಂದು ಸ್ವೀಟ್ ಬಾಕ್ಸು. ನಿನ್ನ ಅವ್ವ ಅಡುಗೆಮನೆಯಿಂದ ಇಣುಕಿದವಳು ಅವನಿಗೆ ಕೇಳಿಸುವ ಹಾಗೆಯೇ, "ಈ ಮೂದೇವಿಗೆ ನಾನು ಕಾಫಿ ಬ್ಯಾರೆ ಕಾಸ್ಬೇಕಾ?" ಅಂದಳು. ಕಾಸಿದಳು. ಸಕ್ಕರೆ ಹಾಕಲಿಲ್ಲ.

ಅವನಿಗೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬೇಕಂತೆ. ಹೆಂಡತಿ ಸುಷ್ಮಾಳ ಅಣ್ಣ ಅಲ್ಲಿದ್ದಾನಂತೆ. ಆದರೆ ಸುಮ್ಮನೆ ಬಿಟ್ಟುಕೊಳ್ಳುವುದಿಲ್ಲ ಅವರು. ತಾನು ಯಾವ ಕೆಲಸದವನು ಎಂದು ಹೇಳಿಕೊಳ್ಳುತ್ತಾನೋ ಆ ಕೆಲಸವನ್ನು ನಿಜವಾಗಿ ಮಾಡಿದ್ದಾನೆ ಎಂದು ಅಲ್ಲಿನ ಒಂದು ಕಚೇರಿ ಮೊದಲು ಒಪ್ಪಬೇಕು. ಅದಕ್ಕೆ ಸ್ಕಿಲ್ಸ್ ಅಸೆಸ್‌ಮೆಂಟ್ ಅನ್ನುತ್ತಾರಂತೆ. ಬಾಗಿಲ ಮೇಲಿನ ಬೋರ್ಡು, ಜೇಬಿನ ವಿಸಿಟಿಂಗ್ ಕಾರ್ಡು ನೋಡಿ ಒಪ್ಪುವ ಜನವಲ್ಲ. ಕೈಕೆಳಗೆ ಯಾರು ಯಾರು ಇದ್ದರು, ಉತ್ಪಾದನೆ ಎಷ್ಟಾಗಬೇಕೆಂದು ತೀರ್ಮಾನಿಸುತ್ತಿದ್ದವರು ಯಾರು, ಯಂತ್ರ ನಿಲ್ಲಿಸು ಅನ್ನುವ ಅಧಿಕಾರ ಯಾರಿಗಿತ್ತು, ಯಾರ ಮಾತು ಕೊನೆಯ ಮಾತು, ಎಲ್ಲ ಕೇಳುತ್ತಾರೆ. ಈ ಪ್ರಶ್ನೆಗಳನ್ನು ಅವತ್ತು ನಮ್ಮ ವಿಚಾರಣೆ ಮಾಡಿದ ಕಾರ್ಖಾನೆ ಇಲಾಖೆಯ ಇನ್ಸ್‌ಪೆಕ್ಟರು ಕೇಳಿದ್ದರೆ ಏನಾಗುತ್ತಿತ್ತು, ಹೇಳು.

ಈಗ ಅವನು ಇರುವ ಕಂಪನಿಯಲ್ಲಿ ಮ್ಯಾನೇಜರ್ ಅಲ್ಲ. ಅವನು ಮ್ಯಾನೇಜರಾಗಿದ್ದುದು ನಮ್ಮಲ್ಲಿ ಮಾತ್ರ. ನಮ್ಮ ಕಾರ್ಖಾನೆ ಮುಚ್ಚಿಹೋಯಿತು, ಸಾಹುಕಾರರು ತೀರಿಕೊಂಡರು. ಹಾಗಾಗಿ ಜೊತೆಯಲ್ಲಿ ಕೆಲಸ ಮಾಡಿದವರು ಪ್ರಮಾಣ ಮಾಡಿ ಬರೆದುಕೊಡಬೇಕು. ಫೋರ್‌ಮನ್ ಆಗಿದ್ದ ನನ್ನ ಸಾಕ್ಷಿಯೇ ಮುಖ್ಯವಂತೆ. ಅವನಿಗೆ ವಯಸ್ಸು ನಲವತ್ತೈದು ತುಂಬುವುದರೊಳಗೆ ಅರ್ಜಿ ಹೋಗಬೇಕು. ಬರುವ ನವೆಂಬರಿಗೆ ತುಂಬುತ್ತದೆ.

ತನ್ನ ಪ್ರಮಾಣಪತ್ರದ ಜೆರಾಕ್ಸ್ ತಂದಿದ್ದ, ನಾನು ಬರೆಯುವುದು ಅದಕ್ಕೆ ಹೊಂದಬೇಕೆಂದು. ನನಗೆ ಬರುವ ಇಂಗ್ಲಿಷು ಮೆಷಿನ್ನಿನ ಮ್ಯಾನುಯಲ್ ಓದಿ ಕಲಿತದ್ದು. ಅಷ್ಟು ಸಾಕಾಯಿತು. ತಾನು ಮಾಡುತ್ತಿದ್ದ ಕೆಲಸಗಳನ್ನು ಸಾಲಾಗಿ ಬರೆದು, ಕೆಳಗೆ ಸಹಿ ಹಾಕಿ, ನೋಟರಿ ಸೀಲು ಹಾಕಿಸಿದ್ದ. ಅದರಲ್ಲಿ ಒಂದು ಸಾಲು: ಕಾರ್ಮಿಕರ ಸುರಕ್ಷತೆ ಮತ್ತು ಯಂತ್ರಗಳ ಸುರಕ್ಷಾ ಸಾಧನಗಳ ಸಂಪೂರ್ಣ ಜವಾಬ್ದಾರಿ ನನ್ನದಾಗಿತ್ತು.

ಆ ಸಾಲಿನ ಮೇಲೆ ಬೆರಳಿಟ್ಟು, "ಇದೂ ಬೇಕಾ ಸಾರ್?" ಅಂದೆ.

"ಬೇಕೇ ಬೇಕು ಮರಿಯಯ್ಯನವ್ರೇ. ಅವರ ಪಟ್ಟೀಲಿ ಏನೇನಿದ್ಯೋ ಅಷ್ಟೂ ಇರ್ಬೇಕು. ಸೇಫ್ಟಿ ಬಿಟ್ರೆ ಮ್ಯಾನೇಜರ್ ಅಂತಾನೇ ಒಪ್ಪಲ್ಲ."

ನಯನಾ, ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಏಕೆಂದರೆ ನಿನಗೆ ಗೊತ್ತಿರುವುದು ಅರ್ಧ.

ಪ್ರೆಸ್ಸು ಅಂದರೆ ಕಬ್ಬಿಣದ ತಗಡನ್ನು ಒಂದೇ ಏಟಿಗೆ ಕತ್ತರಿಸುವ ಯಂತ್ರ. ಅದರ ಬಾಯಿಗೆ ಅಡ್ಡವಾಗಿ ಒಂದು ಜಾಲರಿ ಇರುತ್ತದೆ, ನಾವು ಗಾರ್ಡು ಅನ್ನುತ್ತಿದ್ದೆವು. ಏಟು ಬೀಳುವುದಕ್ಕೆ ಮೊದಲು ಅದು ಇಳಿದು, ಒಳಗೆ ಕೈ ಇದ್ದರೆ ಆಚೆಗೆ ತಳ್ಳುತ್ತದೆ. ಪ್ರತಿ ವರ್ಷ ಆಯುಧಪೂಜೆಗೆ ಎಲ್ಲ ಪ್ರೆಸ್ಸುಗಳ ಗಾರ್ಡು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸ್ಪ್ಯಾನರು ಸುತ್ತಿಗೆಗಳ ಜೊತೆ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚುವುದು ನಮ್ಮ ಪದ್ಧತಿ. ಬಿಚ್ಚುವುದು ಫೋರ್‌ಮನ್ ಕೆಲಸ. ತೊಂಬತ್ತೇಳರಲ್ಲೂ ನಾನೇ ಬಿಚ್ಚಿದೆ. ಹಬ್ಬ ಕಳೆದು ಕೆಲಸ ಶುರುವಾದ ಬೆಳಿಗ್ಗೆ ಒಂದನೇದು, ಎರಡನೇದು ತಿರುಗಿ ಹಾಕಿ, ಸ್ಪ್ಯಾನರು ಹಿಡಿದು ಮೂರನೇ ಪ್ರೆಸ್ಸಿನ ಹತ್ತಿರ ಬಗ್ಗಿದ್ದೆ. ಕ್ಯಾಬಿನ್ನಿನಿಂದ ಅವನು ಬಂದ. "ಏ ಮರಿಯಾ, ಅದನ್ನ ಹಂಗೇ ಬಿಡು. ದೀಪಾವಳಿ ಆರ್ಡ್ರು ಮುಗೀಲಿ, ಆಮೇಲ್ ಹಾಕು. ಗಾರ್ಡಿದ್ರೆ ಆಮೆ ಥರ ನಡೀತದೆ." ಬೇಡ ಸಾರ್ ಅಂದೆ. "ಮ್ಯಾನೇಜರ್ ನೀನೋ ನಾನೋ?" ಅಂದ. ಗಾರ್ಡನ್ನು ತನ್ನ ಕ್ಯಾಬಿನ್ನಿನೊಳಗೆ ಒಯ್ದು ಬೀಗ ಹಾಕಿಕೊಂಡ, ಕುಂಕುಮದ ಸಮೇತ.

ಆ ದೀಪಾವಳಿ ಬರುವ ಮೊದಲೇ ಮೂರನೇ ಪ್ರೆಸ್ಸಿನಲ್ಲಿ ಸಿದ್ದುವಿನ ನಾಲ್ಕು ಬೆರಳು ಹೋದವು.

ವಿಚಾರಣೆಯಲ್ಲಿ ಅವನು ಪ್ರಮಾಣ ಮಾಡಿ ಏನು ಹೇಳಿದ ಗೊತ್ತೇ? ನಾನು ಹೆಸರಿಗೆ ಮ್ಯಾನೇಜರು, ನೋಡಿಕೊಳ್ಳುತ್ತಿದ್ದುದು ಸರಕು ಕಳಿಸುವುದು ಮಾತ್ರ, ಯಂತ್ರಗಳೆಲ್ಲ ಫೋರ್‌ಮನ್ ಮರಿಯಯ್ಯನ ಸುಪರ್ದಿನಲ್ಲಿದ್ದವು ಎಂದ. ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿ, ಗಾರ್ಡು ಬಿಚ್ಚಿದವರು ಯಾರು ಅಂದರು. ನಾನು ಸ್ವಾಮಿ ಅಂದೆ. ಮುಂದಿನ ಮಾತು ಬಾಯಲ್ಲಿತ್ತು, ಅವರು ಫೈಲು ಮುಚ್ಚಿದರು. ಮಾವನೇ ಅಳಿಯನ ಕೈ ಕಡಿದ ಎಂದು ಆದೇಶವಾಯಿತು, ಕಾನೂನಿನ ಭಾಷೆಯಲ್ಲಿ. ಸಿದ್ದುವಿನದೂ ಅಜಾಗರೂಕತೆ ಇದೆ ಎಂದರು. ನನ್ನನ್ನು ಮನೆಗೆ ಕಳಿಸಿದರು. ನೀನು ಗಂಡನನ್ನು ಕರೆದುಕೊಂಡು ಹಾಸನಕ್ಕೆ ಹೋದವಳು ಈ ಹೊಸಿಲು ತುಳಿಯಲಿಲ್ಲ.

ಇಷ್ಟೆಲ್ಲ ನೆನಪಾಯಿತು. ಆ ಜೆರಾಕ್ಸನ್ನು ಮುಖಕ್ಕೆ ಎಸೆದು ಓಡಿಸಬೇಕು ಎಂದೇ ಇದ್ದೆ. ಆಗ ಅವನು ಕಾಫಿ ಗುಟುಕರಿಸುತ್ತಾ, ಏನೋ ಒಂದು ಮಾತಿಗೆ ಎಂಬಂತೆ ಕೇಳಿದ: "ನಿಮ್ಮ ಅಳಿಯ ಹೇಗಿದ್ದಾರೆ? ಈಗ್ಲೂ ಮೆಷಿನ್ ಮೇಲೇನಾ ಕೆಲಸ?"

ಮರೆತುಬಿಟ್ಟಿದ್ದಾನೆ ನಯನಾ. ಬಚ್ಚಿಡುತ್ತಿಲ್ಲ, ನಟಿಸುತ್ತಿಲ್ಲ, ಮರೆತೇ ಬಿಟ್ಟಿದ್ದಾನೆ. ನಿನ್ನ ಗಂಡನ ಬಲಗೈ ಅವನ ನೆನಪಿನಲ್ಲಿ ಇಲ್ಲವೇ ಇಲ್ಲ. ನನ್ನ ಎದೆಯಲ್ಲಿ ಇಷ್ಟು ವರ್ಷ ಕುದಿಯುತ್ತಿದ್ದದ್ದು ಆ ಗಳಿಗೆಯಲ್ಲಿ ತಣ್ಣಗಾಗಿ ಗಟ್ಟಿಯಾಯಿತು.

"ಆರಾಮವಾಗಿದ್ದಾರೆ ಸಾರ್," ಅಂದೆ. "ಇದನ್ನ ಇಲ್ಲೇ ಬಿಟ್ಟು ಹೋಗಿ. ನಾನು ನಿಧಾನವಾಗಿ ಓದಿ, ಹೊಂದೋ ಹಾಗೆ ಬರ್ಕೊಡ್ತೀನಿ. ನೀವೇ ಮ್ಯಾನೇಜರ್ ಆಗಿದ್ದಿದ್ದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಬರೆದುಕೊಡುತ್ತೇನೆ ಮಗಳೇ. ಬೇರೆಯವರ ಬಾಯಲ್ಲಿ ಕೇಳಿ ನೀನು ಇನ್ನೂ ಸಿಡಿಯಬೇಡ ಎಂದೇ ಈ ಕಾಗದ. ಯಾವುದನ್ನು ಅವನು ಅವತ್ತು ಪ್ರಮಾಣ ಮಾಡಿ ಅಲ್ಲ ಎಂದನೋ ಅದನ್ನೇ ಇವತ್ತು ಪ್ರಮಾಣ ಮಾಡಿ ಹೌದು ಎನ್ನುತ್ತಿದ್ದಾನೆ. ಆ ಹೌದು ಗಟ್ಟಿಯಾಗಲಿ, ಸಮುದ್ರದಾಚೆಯ ಸೀಲು ಅದರ ಮೇಲೆ ಬೀಳಲಿ. ಅಲ್ಲಿಯವರೆಗೆ ನಾನು ಅವನ ಬಲಗೈ.

ನೀನೂ ಅಳಿಯಂದಿರೂ ನೆಮ್ಮದಿಯಾಗಿರಿ.

ನಿನ್ನ ಅಪ್ಪ,
ಮರಿಯಯ್ಯ

ಮರೆತಿದ್ದೆ: ಸೇಬನ್ನು ನಿನ್ನ ಅವ್ವ ಬೀದಿಯ ಹಸುವಿಗೆ ಹಾಕಿದಳು. ಹಸು ತಿಂದಿತು. ಅದಕ್ಕೆ ಏನೂ ಗೊತ್ತಿಲ್ಲವಲ್ಲ.


ಕುಂಬಾರಕೊಪ್ಪಲು
10-7-2005

ನಯನಾಳಿಗೆ ಅಪ್ಪನ ಆಶೀರ್ವಾದ.

ತಡವಾಯಿತು. ಒಳ್ಳೆಯ ಸುದ್ದಿ ಕೈಗೆ ಬಂದ ಮೇಲೆ ಬರೆಯೋಣ ಎಂದು ಕಾದೆ. ನಿನ್ನಿಂದ ಒಂದು ಸಾಲು ಬರಬಹುದೇನೋ ಎಂದೂ ಕಾದೆ. ಅದು ಇರಲಿ. ಇಲ್ಲಿ ಮಳೆ ಪರವಾಗಿಲ್ಲ. ಹಿತ್ತಲಿನ ನುಗ್ಗೆಮರ ಗಾಳಿಗೆ ಮುರಿದು ಪಕ್ಕದ ಮನೆಯ ಶಾರದಳ ಶೀಟಿನ ಮೇಲೆ ಬಿತ್ತು. ಕಾಯಿ ಅವಳಿಗೆ, ಬೈಗುಳ ನಮಗೆ.

ನಾನು ಬರೆದುಕೊಟ್ಟದ್ದು ವಿಶ್ವನಾಥನಿಗೆ ಬಹಳ ಮೆಚ್ಚಿಗೆಯಾಯಿತು. ಸುಳ್ಳು ಒಂದಕ್ಷರ ಬರೆಯಲಿಲ್ಲ. ಕಾರ್ಖಾನೆಯಲ್ಲಿ ಅವರ ಮಾತೇ ಕೊನೆಯ ಮಾತು, ಅವರ ಅಪ್ಪಣೆಯಿಲ್ಲದೆ ಫೋರ್‌ಮನ್ ಆದ ನಾನು ಒಂದು ನಟ್ಟು ಬಿಗಿಯುವಂತಿರಲಿಲ್ಲ, ಯಂತ್ರದ ಮೇಲೆ ಯಾವ ಸುರಕ್ಷಾ ಸಾಧನ ಇರಬೇಕು ಯಾವುದು ಬೇಡ ಎಂದು ತೀರ್ಮಾನಿಸುತ್ತಿದ್ದವರು ಅವರೊಬ್ಬರೇ ಎಂದು ಬರೆದೆ. ಓದಿ, "ಎಷ್ಟು ಚೆನ್ನಾಗಿ ಬರ್ದಿದ್ದೀರಿ!" ಎಂದು ನನ್ನ ಕೈ ಕುಲುಕಿದ. ಆಮೇಲೆ ಕೈ ತೊಳೆದುಕೊಂಡೆ.

ನನ್ನದೊಂದೇ ಸಾಲದು, ಇನ್ನೊಬ್ಬರದು ಇದ್ದರೆ ಒಳ್ಳೆಯದು ಅಂದ. ಪ್ಯಾಕಿಂಗ್‌ನಲ್ಲಿದ್ದ ಮಂಚಮ್ಮನ ಮನೆಗೆ ನಾನೇ ಕರೆದುಕೊಂಡು ಹೋದೆ. ಅವನನ್ನು ಬೀದಿಯಲ್ಲಿ ನಿಲ್ಲಿಸಿ ಒಳಗೆ ಹೋಗಿ ವಿಷಯ ಹೇಳಿದರೆ ಮಂಚಮ್ಮ ಪೊರಕೆ ಕೈಗೆತ್ತಿಕೊಂಡಳು.

"ಆ ನನ್ಮಗನ್ಗೆ ನಾನ್ ಸಾಕ್ಸಿ ಹಾಕ್ಲಾ? ಮರಿಯಣ್ಣ, ನಿನ್ಗೆ ಬುದ್ಧಿ ಎಲ್ಗೋಯ್ತು? ಅಳಿಯನ್ ಕೈ ಮರ್ತ್‌ಬುಟ್ಯಾ?"

"ಅವನು ಮ್ಯಾನೇಜರ್ ಆಗಿದ್ನೋ ಇಲ್ವೋ, ಅಷ್ಟು ಹೇಳು."

"ಆಗಿದ್ದ. ಯಮನಂಗೆ ಆಗಿದ್ದ."

"ಅಂಗಂತ ಬರ್ಕೊಡು. ಯಮ ಅನ್ನೋದೊಂದು ಬುಟ್‌ಬುಡು."

ಪೊರಕೆ ಮೂಲೆಗಿಟ್ಟು, "ಏನೋ ಮಡೀಕಂಡಿದೀಯ ಒಟ್ಟೇಲಿ. ಆಯ್ತು, ಎಲ್ ಒತ್ಬೇಕು ಎಬ್ಬೆಟ್ಟು?" ಅಂದಳು.

ಅವಳ ಮನೆಯ ಗೋಡೆಯಲ್ಲಿ ತೊಂಬತ್ತೇಳರ ಆಯುಧಪೂಜೆಯ ಫೋಟೋ ಇದೆ, ನೀನೂ ನೋಡಿರಬೇಕು. ಕಾರ್ಖಾನೆಯಲ್ಲಿ ಕುಂಬಳಕಾಯಿ ಒಡೆಯುವುದು ಯಾವತ್ತೂ ಅಲ್ಲಿನ ಯಜಮಾನಿಕೆ ಇದ್ದವನೇ. ವಿಶ್ವನಾಥ್ ತಲೆಗೆ ಪೇಟ ಸುತ್ತಿ, ಬೂದುಗುಂಬಳವನ್ನು ಮೇಲಕ್ಕೆತ್ತಿ, ಮೂರನೇ ಪ್ರೆಸ್ಸಿನ ಮುಂದೆ ಎದೆಯುಬ್ಬಿಸಿ ನಿಂತಿದ್ದಾನೆ. ಹಿಂದೆ ನಾವೆಲ್ಲ ಕೈಕಟ್ಟಿ ನಿಂತಿದ್ದೇವೆ. ಸಿದ್ದು ಕೊನೆಯಲ್ಲಿ, ಎರಡು ಕೈಯೂ ಕಾಣುತ್ತವೆ. ವಿಶ್ವನಾಥ್ ಅದನ್ನು ಕಂಡವನೇ ಕುಣಿದಾಡಿದ. "ಇದಕ್ಕಿಂತ ಎವಿಡೆನ್ಸ್ ಬೇಕಾ? ನನ್ನ ಟೀಮೇ ಇದೆಯಲ್ಲ!" ಎಂದು ಸ್ಟುಡಿಯೋಗೆ ಒಯ್ದು ಕಾಪಿ ತೆಗೆಸಿ ಆಸ್ಟ್ರೇಲಿಯಾಕ್ಕೆ ಕಳಿಸಿದ. ಆ ಫೋಟೋದಲ್ಲಿ ಅವನ ಕಾಲಬುಡದಲ್ಲೇ ಕುಂಕುಮ ಹಚ್ಚಿಸಿಕೊಂಡ ಗಾರ್ಡು ಇದೆ. ಅದು ಅವನ ಕಣ್ಣಿಗೆ ಬೀಳಲೇ ಇಲ್ಲ. ನಾನು ತೋರಿಸಲೂ ಇಲ್ಲ.

ಹೋದ ತಿಂಗಳು ಮೈಸೂರ್‌ಪಾಕ್ ತಂದ. ಒಪ್ಪಿಬಿಟ್ಟರಂತೆ! ಅವನು ನಿಜವಾದ ಪ್ರೊಡಕ್ಷನ್ ಮ್ಯಾನೇಜರು ಎಂದು ಅಲ್ಲಿಂದ ಕಾಗದ ಬಂದಿದೆ. ನನಗಾದ ಸಂತೋಷ ಅವನಿಗೂ ಆಗಿರಲಿಕ್ಕಿಲ್ಲ. "ಸಾರ್, ನಮ್ಮ ಕಾರ್ಖಾನೆಗೆ ಫಾರಿನ್ನಿನವರು ಕೊಟ್ಟ ಮರ್ಯಾದೆ ಇದು. ನನಗೂ ಒಂದು ಜೆರಾಕ್ಸ್ ಕೊಡಿ, ಕಟ್ಟು ಹಾಕಿಸಿ ಗೋಡೆಗೆ ಹಾಕ್ತೀನಿ" ಅಂದೆ. ಅವನ ಕಣ್ಣಲ್ಲಿ ನೀರು ಬಂತು ನಯನಾ. "ನಿಮ್ಮಂಥ ದೊಡ್ಡ ಮನಸ್ಸು ಯಾರಿಗೂ ಬರಲ್ಲ" ಎಂದು ಹೇಳಿ, ಸ್ಕೂಟರಿನಲ್ಲಿ ತಾನೇ ಹೋಗಿ ಜೆರಾಕ್ಸ್ ಮಾಡಿಸಿಕೊಂಡು ಬಂದು ಕೊಟ್ಟ.

ಮಾರನೇ ದಿನವೇ ನಜರ್‌ಬಾದಿಗೆ ಹೋದೆ. ಅಲ್ಲಿ ವೃಷಭೇಂದ್ರಪ್ಪನವರು ಎಂದು ಹಿರಿಯ ವಕೀಲರಿದ್ದಾರೆ. ಹಳೆಯ ವಿಚಾರಣೆಯ ಆದೇಶವನ್ನು, ಅದರಲ್ಲಿರುವ ಅವನ ಹೇಳಿಕೆಯನ್ನು ಮೇಜಿನ ಮೇಲೆ ಎಡಕ್ಕಿಟ್ಟೆ. ಅವನ ಹೊಸ ಪ್ರಮಾಣಪತ್ರ, ಆಸ್ಟ್ರೇಲಿಯಾದ ಒಪ್ಪಿಗೆ ಬಲಕ್ಕಿಟ್ಟೆ. ಅವರು ಕನ್ನಡಕ ಏರಿಸಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮತ್ತೆ ಎಡಕ್ಕೆ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು.

"ಅಲ್ಲಾ ಕಣಯ್ಯ, ಎದುರು ಪಾರ್ಟಿಯವನೇ ತನ್ನ ಖರ್ಚಲ್ಲಿ ಸಾಕ್ಷಿ ಒದಗಿಸಿ, ಫಾರಿನ್ ಸೀಲೂ ಹಾಕಿಸಿ, ಮೈಸೂರ್‌ಪಾಕ್ ಸಮೇತ ತಂದುಕೊಟ್ಟಿದ್ದನ್ನ ನಾನು ನನ್ನ ಸರ್ವೀಸ್ನಲ್ಲೇ ನೋಡಿಲ್ಲ."

ನಕ್ಕಾದ ಮೇಲೆ ಗಂಭೀರವಾದರು. "ನೋಡು ಮರಿಯಯ್ಯ, ಹಳೇ ಆದೇಶ ತಿರುಗಿಸೋದು ಕಷ್ಟ, ಸುಳ್ಳು ಆಸೆ ಕೊಡಲ್ಲ. ಆದ್ರೆ ಪ್ರಮಾಣ ಮಾಡಿ ಎರಡು ಥರ ಹೇಳಿದಾನಲ್ಲ, ಅದರ ಮೇಲೆ ನೀನೇ ದೂರು ಕೊಡಬಹುದು. ದೂರು ದಾಖಲಾದ್ರೆ ವೀಸಾಕ್ಕೆ ಬೇಕಾದ ಪೊಲೀಸ್ ಸರ್ಟಿಫಿಕೇಟ್ ಸಿಗಲ್ಲ. ಅವನ ಪ್ರಯಾಣ ನಿಂತೋಗುತ್ತೆ. ಸಂಸಾರಸ್ಥ. ಅಷ್ಟಕ್ಕೆ ತಯಾರಿದ್ದೀಯಾ?"

"ಅಷ್ಟಕ್ಕೇ ತಯಾರಾಗಿ ಬಂದಿದ್ದೀನಿ ಸ್ವಾಮಿ," ಅಂದೆ.

ಸಹಿ ಹಾಕಿ ಬಂದೆ. ಬರುವಾಗ ದಾರಿಯಲ್ಲಿ ಒಂದು ಹೋಟೆಲಿಗೆ ಹೋಗಿ ಒಬ್ಬನೇ ಕೂತು ಮಸಾಲೆದೋಸೆ ತಿಂದೆ. ಇಷ್ಟು ರುಚಿಯಾದ ದೋಸೆ ತಿಂದು ಎಷ್ಟು ಕಾಲವಾಗಿತ್ತೋ.

ಸಿದ್ದುವಿಗೆ ನನ್ನ ಆಶೀರ್ವಾದ ಹೇಳು. ಈ ಕಾಗದವನ್ನು ಅವರಿಗೂ ಓದಿ ಹೇಳು.

ನಿನ್ನ ಅಪ್ಪ,
ಮರಿಯಯ್ಯ

ಹೇಳಲು ಬಿಟ್ಟದ್ದು: ಆ ಒಪ್ಪಿಗೆ ಕಾಗದಕ್ಕೆ ನಿಜವಾಗಿಯೂ ಕಟ್ಟು ಹಾಕಿಸಿದೆ. ಆಡಿದ ಮಾತು ತಪ್ಪಬಾರದಲ್ಲ. ನಿನ್ನ ಅವ್ವ ಅದನ್ನು ಗೋಡೆಗೆ ಹಾಕಲು ಬಿಡಲಿಲ್ಲ. ಅಕ್ಕಿ ಡಬ್ಬದ ಹಿಂದೆ ಇದೆ.


ಕುಂಬಾರಕೊಪ್ಪಲು
16-10-2005

ಮಗಳೇ ನಯನಾ, ಹಬ್ಬದ ಹಾರೈಕೆಗಳು.

ದಸರಾ ಮುಗಿದು ಊರು ಬಳಲಿಕೊಂಡಿದೆ. ಆಯುಧಪೂಜೆ ದಿನ ಎಂದಿನಂತೆ ಆ ಮೂರನೇ ಪ್ರೆಸ್ಸಿನ ಗಾರ್ಡು ಇಳಿಸಿ ತೊಳೆದು ಕುಂಕುಮ ಹಚ್ಚಿದೆ. ನಿನಗೆ ಹೇಳಿರಲಿಲ್ಲ ಅಲ್ಲವೇ? ಕಾರ್ಖಾನೆ ಮುಚ್ಚಿ ಸಾಮಾನೆಲ್ಲ ಗುಜರಿಗೆ ಹೋದಾಗ ಗುಜರಿಯವನ ರಾಶಿಯಲ್ಲಿ ಹುಡುಕಿ ಅದನ್ನು ಮನೆಗೆ ತಂದೆ. ಅಟ್ಟದ ಮೇಲೆ ಇರುತ್ತದೆ. "ದೇವ್ರ ಮನೇಲಿ ದೇವ್ರಿಗೇ ಜಾಗ ಇಲ್ಲ, ಈ ಜಾಲ್ರಿ ಬ್ಯಾರೆ" ಎಂದು ನಿನ್ನ ಅವ್ವ ವರ್ಷವೂ ಗೊಣಗುತ್ತಾಳೆ. ಆದರೂ ಹೂವು ತಂದಿಡುವವಳು ಅವಳೇ.

ಬರೆಯುವುದು ತಡವಾದದ್ದಕ್ಕೆ ಈ ಸಲ ನೆಪವಿಲ್ಲ. ಬರೆಯಲು ಕೈ ಬರಲಿಲ್ಲ.

ಆಗಸ್ಟಿನಲ್ಲಿ ದೂರು ದಾಖಲಾಯಿತು. ಅವನಿಗೆ ಗೊತ್ತಾದದ್ದು ಪೊಲೀಸ್ ಸರ್ಟಿಫಿಕೇಟಿಗೆ ಹೋದಾಗ. ಮೊದಲು ಒಬ್ಬನೇ ಬಂದ. ಬಾಗಿಲಲ್ಲೇ, "ಏ ಮರಿಯಾ, ಹೊರಗ್ ಬಾರೋ!" ಎಂದು ಕೂಗಿದ. ನನಗೆ ನಗು ಬಂತು. "ಮರಿಯಯ್ಯನವರೇ" ಅನ್ನುವ ಮರ್ಯಾದೆಯೆಲ್ಲ ಒಂದೇ ದೂರಿಗೆ ಉದುರಿಹೋಯಿತಲ್ಲ ಎಂದು. ಹೊರಗೆ ಹೋಗಿ, "ಬನ್ನಿ ಮ್ಯಾನೇಜರ್ ಸಾಹೇಬ್ರೇ" ಅಂದೆ. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಶಾರದ ಮೊರ ಹಿಡಿದುಕೊಂಡೇ ಬಂದಳು.

"ಮೋಸ ಮಾಡ್ದೆ ನೀನು. ನಂಬಿಸಿ ಕತ್ತು ಕುಯ್ದೆ."

"ನಾನು ಬರೆದಿದ್ದರಲ್ಲಿ ಸುಳ್ಳು ಯಾವುದು ಸಾರ್? ತೋರಿಸಿ, ಈಗಲೇ ಹೊಡೆದು ಹಾಕ್ತೀನಿ. ನೀವು ಮ್ಯಾನೇಜರ್ ಆಗಿರಲಿಲ್ವಾ? ಆಗಿರಲಿಲ್ಲ ಅಂದ್ರೆ ಆಸ್ಟ್ರೇಲಿಯಾದವರಿಗೆ ಹಾಗೇ ಬರೆಯೋಣ. ಆಗಿದ್ರಿ ಅಂದ್ರೆ ಅವತ್ತು ವಿಚಾರಣೇಲಿ ಹೇಳಿದ್ದು ಏನು? ಎರಡರಲ್ಲಿ ಯಾವುದು ನಿಜ, ನೀವೇ ಆರಿಸಿಕೊಳ್ಳಿ. ನಿಮ್ಮ ಮಾತೇ ಕೊನೆ ಮಾತು, ಯಾವತ್ತೂ ಹಾಗೇ ಅಲ್ವಾ?"

ನಾನು ಅವತ್ತು ಇನ್ಸ್‌ಪೆಕ್ಟರ ಮುಂದೆ ಹೇಗೆ ನಿಂತಿದ್ದೆನೋ ಹಾಗೆಯೇ ನಿಂತಿದ್ದ. ಒಳಗಿಂದ ಗಾರ್ಡು ತಂದು ಅವನ ಮುಂದೆ ಇಟ್ಟೆ. "ಇದನ್ನ ಗುರುತು ಹಿಡೀರಿ" ಅಂದೆ. ನೋಡಿದ. ಈ ಸಲ ಅವನಿಗೆ ನೆನಪಾಯಿತು. ಮುಖದ ಬಣ್ಣ ಇಳಿಯಿತು. ಅದನ್ನು ನೋಡಲು ಇಷ್ಟು ವರ್ಷ ಬದುಕಿದ್ದೆ ನಯನಾ, ಸುಳ್ಳು ಹೇಳುವುದಿಲ್ಲ. ಕಣ್ತುಂಬ ನೋಡಿದೆ.

ಎರಡನೇ ಸಲ ಹೋದ ವಾರ ಬಂದ, ಹೆಂಡತಿಯ ಜೊತೆ. ಸುಷ್ಮಾ ಒಳ್ಳೆಯ ಹೆಣ್ಣುಮಗಳು. ಕುವೆಂಪುನಗರದ ಮನೆ ಮಾರಲು ಮಾತಾಡಿದ್ದಾರಂತೆ, ಮಗಳು ಅಕ್ಷತಾಳನ್ನು ಸ್ಕೂಲು ಬಿಡಿಸಿದ್ದಾರಂತೆ. ಆಕೆಗೆ ಬೆರಳಿನ ವಿಷಯವೇ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲೇ ಕೇಳಿದ್ದು. ಕೇಳಿ, ಗಂಡನಿಂದ ಸ್ವಲ್ಪ ದೂರ ಸರಿದು ಕೂತಳು. ಅವನು ತಲೆ ತಗ್ಗಿಸಿ ಹೇಳಿದ:

"ಹಾಸನಕ್ಕೆ ಹೋಗ್ತೀನಿ ಮರಿಯಯ್ಯನವ್ರೇ. ನಿಮ್ಮ ಮಗಳ ಮುಂದೆ, ಅಳಿಯನ ಮುಂದೆ ನಿಂತು ಹೇಳ್ತೀನಿ. ಗಾರ್ಡು ಹಾಕೋಕೆ ಹೋದವರನ್ನ ತಡೆದಿದ್ದು ನಾನೇ, ನಿಮ್ಮಪ್ಪಂದು ಏನೂ ತಪ್ಪಿಲ್ಲ ಅಂತ ಹೇಳ್ತೀನಿ. ಕಂಪ್ಲೇಂಟ್ ಒಂದು ವಾಪಸ್ ತಗೊಳ್ಳಿ. ಮುಂದಿನ ತಿಂಗಳು ನನಗೆ ನಲವತ್ತೈದು."

ನಾಲಿಗೆಯ ತುದಿಗೆ "ಆಗಲಿ" ಬಂದಿತ್ತು ಮಗಳೇ. ನಿನ್ನ ಅವ್ವ ಅಡುಗೆಮನೆ ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದಳು. ಅವನು ಬಂದು ಹೇಳಿದರೆ ನೀನು ನಂಬುತ್ತೀಯ, ನಂಬಿದರೆ ಬರುತ್ತೀಯ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಲೆಕ್ಕ ನನಗೆ ಒಪ್ಪಿಗೆಯಾಗಲಿಲ್ಲ. ಈ ಮನುಷ್ಯ ವೀಸಾಕ್ಕಾಗಿ ಆಡುವ ಮಾತು ನನ್ನ ಮಗಳಿಗೆ ನನ್ನ ಬಾಯಿಯ ಮಾತಿಗಿಂತ ದೊಡ್ಡದಾಗಬೇಕೇ? ನಾನು ಕಳ್ಳನೋ ಸಜ್ಜನನೋ ಎಂದು ನಿನಗೆ ಇವನು ಸರ್ಟಿಫಿಕೇಟು ಕೊಡಬೇಕೇ?

"ಬೇಡ," ಅಂದೆ. "ಹೋಗಿ ಹೇಳ್ಬೇಕು ಅನ್ಸಿದ್ರೆ ಅವತ್ತೇ ಹೋಗ್ತಿದ್ರಿ. ಈಗ ಬೇಡ."

"ಮತ್ತೆ ಏನ್ ಬೇಕು ನಿಮಗೆ?"

"ನೀವು ಇಲ್ಲೇ ಇರೋದು. ನಾವಿರೋ ನಾಡಲ್ಲೇ. ಮಾರ್ಕೆಟ್‌ನಲ್ಲಿ, ಬಸ್ ಸ್ಟ್ಯಾಂಡ್‌ನಲ್ಲಿ ಎಲ್ಲಾದರೂ ಒಂದು ಸಲ ನನ್ನ ಅಳಿಯ ನಿಮಗೆ ಎದುರಾಗೋದು. ಆಗ ನೀವು ಕೈ ಚಾಚೋದು. ಅವನು ತನ್ನ ಬಲಗೈನೇ ಚಾಚ್ತಾನೆ, ಅವನು ಅಂಥೋನು. ಅದನ್ನ ನೀವು ಹಿಡ್ಕೊಳ್ಳೋದು. ಅಷ್ಟೇ."

ಅವನು ಎದ್ದು ಹೋದ. ಸುಷ್ಮಾ ಹೋಗುವ ಮುಂಚೆ ನಿನ್ನ ಅವ್ವನ ಕೈ ಹಿಡಿದುಕೊಂಡಳು. ನಿನ್ನ ಅವ್ವ ಅವಳಿಗೆ ಕುಂಕುಮ ಕೊಟ್ಟು ಕಳಿಸಿದಳು. ಆಮೇಲೆ ಬಾಗಿಲು ಹಾಕಿ ನನ್ನ ಕಡೆ ತಿರುಗಿದಳು.

"ಆಯ್ತಾ? ಸಿಟ್ಟು ತೀರ್ತಾ? ಅವ್ನು ಓಗಿ ಏಳಿದ್ರೆ ನನ್ ಮಗ್ಳು ಬತ್ತಿದ್ಲು. ಬಾಗ್ಲಿಗ್ ಬಂದಿದ್ದನ್ನ ಒದ್ದ್‌ಬುಟ್ರಲ್ಲ. ನಿಮ್ಗೆ ಮಗ್ಳು ಬ್ಯಾಡ, ಸೇಡೇ ಬೇಕು."

"ಹಂಗಲ್ಲ ಕಣೆ ಪುಟ್ಟಲಿಂಗೂ..."

"ಎಂಗಲ್ಲ? ಎಂಗಲ್ಲ ಏಳಿ ನೋಡುವಾ."

ನನಗೆ ಹೇಳಲು ಬರಲಿಲ್ಲ. ಅವಳು ಒಂದು ವಾರದಿಂದ ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಹೋಗುತ್ತಾಳೆ. ಸಾರಿಗೆ ಉಪ್ಪು ಬೇಕಾದರೂ ಕೇಳುವ ಧೈರ್ಯವಿಲ್ಲ.

ದೂರು ವಾಪಸು ತೆಗೆದುಕೊಳ್ಳುವುದಿಲ್ಲ ನಯನಾ. ಅದು ನಡೆಯಲಿ. ಗೆಲ್ಲುವುದೋ ಸೋಲುವುದೋ ವೃಷಭೇಂದ್ರಪ್ಪನವರಿಗೇ ಗೊತ್ತಿಲ್ಲ. ಮುಂದಿನ ತಿಂಗಳು ಅವನಿಗೆ ನಲವತ್ತೈದು ತುಂಬುತ್ತದೆ. ಆ ದೇಶದ ಬಾಗಿಲು ಮುಚ್ಚುತ್ತದೆ. ಆ ದಿನ ನಾನು ಪಾಯಸ ಮಾಡಿಸಬೇಕೆಂದಿದ್ದೆ. ಈಗಿನ ಪರಿಸ್ಥಿತಿಯಲ್ಲಿ ನಾನೇ ಮಾಡಿಕೊಳ್ಳಬೇಕಾಗುತ್ತದೆ.

ದೀಪಾವಳಿ ಹತ್ತಿರ ಬಂತು. ಸಿದ್ದುವಿನ ಕಾರ್ಡಿಗೆ ಕಾಯುತ್ತಿರುತ್ತೇನೆಂದು ಹೇಳು. ನಿಮ್ಮ ಮನೆಯ ದೀಪ ಗಾಳಿಗೆ ಅಲುಗದಿರಲಿ. ನಿಮ್ಮಿಬ್ಬರ ಮೇಲೆ ಯಾವ ಕೆಟ್ಟ ಕಣ್ಣೂ ಬೀಳದಿರಲಿ.

ನಿನ್ನ ಅಪ್ಪ,
ಮರಿಯಯ್ಯ

ಕಾಗದ ಮಡಿಸಿ ಅಂಟು ಹಚ್ಚುವಾಗ ಕೈ ನಿಂತಿತು. ನಿನ್ನ ಅವ್ವನಿಗೆ ಹೇಳಲಾಗದ್ದನ್ನು ನಿನಗೇ ಬರೆಯುತ್ತೇನೆ. ವಿಚಾರಣೆಗೂ ಮುಂಚೆ, ಸಿದ್ದುವನ್ನು ಒಳಗೆ ಕರೆದುಕೊಂಡು ಹೋಗಿದ್ದಾಗ, ಆಸ್ಪತ್ರೆಯ ವರಾಂಡದಲ್ಲಿ ನೀನು ನನ್ನ ಹತ್ತಿರ ಬಂದು, "ಗಾರ್ಡು ಬಿಚ್ಚಿದ್ದು ನೀವೇನಾ ಅಪ್ಪಾ?" ಎಂದು ಕೇಳಿದೆ. ಹೌದು ಅಂದೆ. ನೀನು ತಿರುಗಿ ನಡೆದೆ. ಆಮೇಲೆ ಇನ್ಸ್‌ಪೆಕ್ಟರು ಕೇಳಿದ್ದೂ ಅದೇ ಒಂದು ಪ್ರಶ್ನೆ. ಅವರು ಹೊರಗಿನವರು, ಅಷ್ಟಕ್ಕೇ ಫೈಲು ಮುಚ್ಚಿದ್ದು ನನಗೆ ನೋಯಲಿಲ್ಲ. ತಿರುಗಿ ಯಾಕೆ ಹಾಕಲಿಲ್ಲ ಅಪ್ಪಾ ಎಂದು ನೀನು ಕೇಳುತ್ತೀಯ, ಕೇಳಿಯೇ ಕೇಳುತ್ತೀಯ ಎಂದು ನಾನು ಆ ವರಾಂಡದಲ್ಲಿ ನಿಂತಿದ್ದೆ. ನಯನಾ, ಇನ್ನೂ ಅಲ್ಲೇ ನಿಂತಿದ್ದೇನೆ.